ಬಾಡಿಗೆ ಕಾರು ಜಖಂ ಆದರೆ ದುಡ್ಡು ಯಾರು ಕಟ್ಟಬೇಕು?

ದಸರಾ ರಜೆ ಬಂತೆಂದರೆ ಮೈಸೂರಿನಲ್ಲಿ ಸೆಲ್ಫ್ ಡ್ರೈವ್ ಕಾರು ಸಿಗುವುದೇ ಕಷ್ಟ. ಊಟಿ, ವಯನಾಡು, ಮಡಿಕೇರಿ ಎಲ್ಲವೂ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ತಲುಪುವ ದೂರದಲ್ಲಿವೆ. ಅವಸರದಲ್ಲಿ ದಿನದ ಬಾಡಿಗೆ ಎಷ್ಟು, ಎಷ್ಟು ಕಿಲೋಮೀಟರ್ ಫ್ರೀ ಎಂದಷ್ಟೇ ಕೇಳುತ್ತೇವೆ. ‘ಇನ್ಶೂರೆನ್ಸ್ ಇದೆ ಸಾರ್’ ಎಂಬ ಮಾತಿಗೆ ತಲೆಯಾಡಿಸಿ ಕೀ ಇಸಿದುಕೊಳ್ಳುತ್ತೇವೆ. ಆ ಮಾತು ಸುಳ್ಳೇನೂ ಅಲ್ಲ. ಆದರೆ ಆ ವಿಮೆ ಇರುವುದು ಕಾರಿನ ಮಾಲೀಕರ ನಷ್ಟ ತುಂಬಲು. ನಿಮ್ಮ ಜೇಬಿನಿಂದ ಎಷ್ಟು ಹೋಗುತ್ತದೆ ಎಂಬುದು ನೀವು ಸಹಿ ಹಾಕುವ ಬಾಡಿಗೆ ಕರಾರಿನಲ್ಲಿ ತೀರ್ಮಾನವಾಗಿರುತ್ತದೆ. ಆದ್ದರಿಂದ ಕೆಲಸವೆಲ್ಲ ಕೀ ಕೈಗೆ ಬರುವ ಮೊದಲೇ ಆಗಬೇಕು.

ಮೊದಲು ನಂಬರ್ ಪ್ಲೇಟ್ ನೋಡಿ

ಸೆಲ್ಫ್ ಡ್ರೈವ್ ಬಾಡಿಗೆಗೆ ಪರವಾನಗಿ ಪಡೆದ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರುತ್ತದೆ. ಬಿಳಿ ಫಲಕದ ಕಾರು ಮನೆ ಬಳಕೆಯದು. ‘ನಮ್ಮ ಕಡೆಯವರದೇ ಕಾರು, ಕಡಿಮೆಗೆ ಕೊಡಿಸ್ತೀನಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಕಾರುಗಳು ಹೆಚ್ಚಾಗಿ ಇಂಥವೇ. ಮನೆ ಬಳಕೆಯ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸುವಂತಿಲ್ಲ ಎಂಬ ಷರತ್ತು ಸ್ಪಷ್ಟವಾಗಿರುತ್ತದೆ. ಅದನ್ನು ಮುರಿದಾಗ ವಿಮಾ ಕಂಪನಿ ಕ್ಲೇಮ್ ತಳ್ಳಿಹಾಕಬಹುದು, ಆಗ ಮಾಲೀಕರು ಪೂರ್ತಿ ಖರ್ಚಿಗೆ ನಿಮ್ಮತ್ತ ಕೈಚಾಚುತ್ತಾರೆ. ದಿನಕ್ಕೆ ಐನೂರು ರೂಪಾಯಿ ಉಳಿಯುತ್ತದೆಂದು ಈ ಅಪಾಯಕ್ಕೆ ಕೈಹಾಕುವುದು ಖಂಡಿತ ಬೇಡ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ವಿಮೆ, ಫಿಟ್‌ನೆಸ್, ಹೊಗೆ ತಪಾಸಣೆ ಯಾವ ದಿನದವರೆಗೆ ಊರ್ಜಿತ ಎಂದು ನಿಮಿಷದಲ್ಲಿ ತಿಳಿಯುತ್ತದೆ.

‘ಹೆಚ್ಚೆಂದರೆ ನಾನೆಷ್ಟು ಕಟ್ಟಬೇಕು?’

ಈ ಪ್ರಶ್ನೆಯನ್ನು ಇದೇ ಮಾತಿನಲ್ಲಿ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ವಾಟ್ಸ್‌ಆ್ಯಪ್ ಸಂದೇಶವಾದರೂ ಸರಿ. ಕೆಲವು ಕಂಪನಿಗಳು ಸ್ವಲ್ಪ ಹೆಚ್ಚುವರಿ ದುಡ್ಡು ಪಡೆದು, ಜಖಂ ಆದರೆ ಇಂತಿಷ್ಟು ಸಾವಿರಕ್ಕಿಂತ ಹೆಚ್ಚು ಕೇಳುವುದಿಲ್ಲ ಎಂಬ ಮಿತಿ ಹಾಕಿಕೊಡುತ್ತವೆ. ಮಿತಿಯೇ ಇಲ್ಲದ ಕರಾರೂ ಇದೆ, ಅಲ್ಲಿ ಗ್ಯಾರೇಜ್ ಬಿಲ್ ಎಷ್ಟೋ ಅಷ್ಟು.

ಮಾಲೀಕರು ವಿಮೆ ಇದ್ದೂ ನಿಮ್ಮನ್ನೇ ಕೇಳುವುದಕ್ಕೆ ಕಾರಣಗಳಿವೆ. ಪ್ರತಿ ಕ್ಲೇಮ್‌ನಲ್ಲೂ ಮೊದಲ ಒಂದಿಷ್ಟು ಮೊತ್ತವನ್ನು ವಿಮಾ ಕಂಪನಿ ಕಳೆದುಕೊಂಡೇ ಕೊಡುತ್ತದೆ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ 50ರಷ್ಟು ಸವಕಳಿ ಲೆಕ್ಕ ಹಾಕುತ್ತದೆ. ಬಂಪರ್ ಪ್ಲಾಸ್ಟಿಕ್ಕಿನದು, ಅಂದರೆ ಸವಕಳಿ ಮನ್ನಾ ಇರುವ ಪಾಲಿಸಿ ಇಲ್ಲದಿದ್ದರೆ ಅದರ ಬೆಲೆಯಲ್ಲಿ ಅರ್ಧ ಮಾತ್ರ ಸಿಗುತ್ತದೆ. ಇದರ ಮೇಲೆ ನೋ ಕ್ಲೇಮ್ ಬೋನಸ್ ಬೇರೆ. ಕ್ಲೇಮ್ ಇಲ್ಲದೆ ವರ್ಷಗಳು ಕಳೆದಂತೆ ಶೇ 20ರಿಂದ ಶೇ 50ರವರೆಗೆ ಏರುವ ಈ ರಿಯಾಯಿತಿ ಒಂದೇ ಕ್ಲೇಮ್‌ಗೆ ಹೋಗಿಬಿಡುತ್ತದೆ. ಹಾಗಾಗಿ ಸಣ್ಣಪುಟ್ಟ ಜಖಂಗೆ ಮಾಲೀಕರು ವಿಮಾ ಕಂಪನಿಯ ಬಾಗಿಲಿಗೆ ಹೋಗುವುದೇ ಇಲ್ಲ, ನಿಮ್ಮ ಡೆಪಾಸಿಟ್‌ನಲ್ಲಿ ಮುರಿದುಕೊಳ್ಳುತ್ತಾರೆ.

ಕಾರು ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆಯನ್ನೂ ನೀವೇ ಕೊಡಬೇಕೇ, ದಿನಕ್ಕೆ ಎಷ್ಟು, ಎಷ್ಟು ದಿನದವರೆಗೆ ಎಂಬುದನ್ನೂ ಆಗಲೇ ಕೇಳಿ. ಬಿಡಿಭಾಗ ಬರುವುದು ತಡವಾದರೆ ಈ ಲೆಕ್ಕ ರಿಪೇರಿ ಖರ್ಚನ್ನೂ ಮೀರಬಹುದು.

ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಮಾಲೀಕ–ಚಾಲಕರಿಗೆಂದು ಇರುವ 15 ಲಕ್ಷ ರೂಪಾಯಿಯ ಅಪಘಾತ ವಿಮೆ ಬಾಡಿಗೆಗೆ ಪಡೆದು ಓಡಿಸುವ ನಿಮಗೆ ಅನ್ವಯಿಸದು. ನಿಮ್ಮ ಹೆಸರಿನಲ್ಲೇ ಒಂದು ವೈಯಕ್ತಿಕ ಅಪಘಾತ ವಿಮೆ ಇರಲಿ.

ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿರುವ ಮಕ್ಕಳ ಮನೆಗೆ ಹೋಗಿ ಅಲ್ಲಿ ಕಾರು ಪಡೆಯುವವರಿಗೂ ಪ್ರಶ್ನೆ ಇದೇ. ಅಲ್ಲಿ ನಿಮ್ಮ ಪಾಲಿನ ಈ ಮೊತ್ತವನ್ನು ‘ಎಕ್ಸೆಸ್’ ಎನ್ನುತ್ತಾರೆ. ಅದು ಸಾವಿರಾರು ಡಾಲರ್ ಇರಬಹುದು. ಕೌಂಟರ್‌ನಲ್ಲಿ ದಿನಕ್ಕಿಷ್ಟು ಎಂದು ಕೊಟ್ಟು ಅದನ್ನು ಇಳಿಸಿಕೊಳ್ಳಬಹುದು, ಅಥವಾ ಮೊದಲೇ ಬೇರೆ ವಿಮಾ ಕಂಪನಿಯಿಂದ ಎಕ್ಸೆಸ್ ವಿಮೆ ಮಾಡಿಸಬಹುದು. ಎರಡನೆಯದು ಸಾಮಾನ್ಯವಾಗಿ ಅಗ್ಗ, ಆದರೆ ಮೊದಲು ನೀವು ಕಟ್ಟಿ, ಆಮೇಲೆ ರಸೀದಿ ತೋರಿಸಿ ವಾಪಸ್ ಪಡೆಯಬೇಕು. ಟೈರ್, ಗಾಜು, ಕಾರಿನ ತಳಭಾಗ, ಛಾವಣಿ ಅದರಲ್ಲಿ ಸೇರಿವೆಯೇ ಎಂದು ಓದಿಯೇ ದುಡ್ಡು ಕಟ್ಟಿ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಇಲ್ಲಿನ ಆರ್‌ಟಿಒದಲ್ಲೇ ಮಾಡಿಸಿಕೊಳ್ಳಿ, ಅದರ ಅವಧಿ ಒಂದು ವರ್ಷ.

ಹತ್ತು ನಿಮಿಷದ ವಿಡಿಯೊ

ಕಾರನ್ನು ಬೆಳಕಿಗೆ ತಂದು ನಿಲ್ಲಿಸಲು ಹೇಳಿ. ಕತ್ತಲ ಬೇಸ್‌ಮೆಂಟ್‌ನಲ್ಲಿ, ಧೂಳು ಹಿಡಿದ ಬಾಡಿಯ ಮೇಲೆ ಗೀರು ಕಾಣುವುದಿಲ್ಲ. ನಾಲ್ಕೂ ಬದಿ, ಬಂಪರ್‌ನ ಕೆಳ ಅಂಚು, ಅಲಾಯ್ ಚಕ್ರಗಳು, ಸ್ಟೆಪ್ನಿ, ಕನ್ನಡಿ, ಮುಂದಿನ ಗಾಜು, ಒಳಗಿನ ಸೀಟು, ಕಿಲೋಮೀಟರ್ ಮೀಟರ್, ಇಂಧನದ ಮುಳ್ಳು ಎಲ್ಲವನ್ನೂ ಬಿಡದೆ ಒಂದೇ ವಿಡಿಯೊದಲ್ಲಿ ಹಿಡಿಯಿರಿ. ಬಗ್ಗಿ ತಳಭಾಗವನ್ನೂ ತೆಗೆಯಿರಿ. ಹಳೆಯ ಗೀರು, ನೆಗ್ಗುಗಳ ಫೋಟೊಗಳನ್ನು ಹೊರಡುವ ಮುನ್ನವೇ ಅವರ ನಂಬರಿಗೆ ಕಳಿಸಿಬಿಡಿ. ಕಳಿಸಿದ ಹೊತ್ತೇ ನಿಮಗೆ ಸಾಕ್ಷಿ. ಹಿಂತಿರುಗಿಸುವಾಗಲೂ ಇಷ್ಟನ್ನೇ ಮಾಡಿ, ಅವರ ಕಡೆಯವರು ಎದುರಿಗಿರುವಾಗಲೇ.

ನಮ್ಮ ರಸ್ತೆಗಳಲ್ಲಿ ಎಚ್ಚರ

ವಿಮೆಯ ಒಳಗೆ ಸುಲಭವಾಗಿ ಬಾರದ ಹಾನಿಗಳು ನಮ್ಮ ಭಾಗದಲ್ಲಿ ಕಡಿಮೆ ಏನಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಕೆಲವೇ ದಿನಗಳಲ್ಲಿ ರಾಮನಗರದ ಬಳಿ ಮಳೆನೀರು ನಿಂತು ವಾಹನಗಳು ಕೆಟ್ಟು ನಿಂತಿದ್ದವು. ನೀರಿನಲ್ಲಿ ಆಫ್ ಆದ ಎಂಜಿನನ್ನು ಮತ್ತೆ ಸ್ಟಾರ್ಟ್ ಮಾಡಿದರೆ ನೀರು ಒಳಗೆ ಎಳೆದುಕೊಂಡು ಎಂಜಿನ್ನೇ ಹಾಳಾಗುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಇಲ್ಲದಿದ್ದರೆ ವಿಮಾ ಕಂಪನಿ ಆ ನಷ್ಟ ಕೊಡುವುದಿಲ್ಲ. ಕೀ ಮುಟ್ಟಬೇಡಿ, ಕಾರನ್ನು ಎಳೆಸಿ.

ಸುಗ್ಗಿಯಲ್ಲಿ ನಾಗಮಂಗಲ, ಮಳವಳ್ಳಿ ಕಡೆ ಹೋದರೆ ರಸ್ತೆಯ ಮೇಲೇ ರಾಗಿ, ಹುರುಳಿ ಒಕ್ಕಣೆ. ಹುರುಳಿ ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಂಡು, ಸೈಲೆನ್ಸರ್ ಬಿಸಿಗೆ ಹೊತ್ತಿಕೊಂಡು ಕಾರುಗಳು ಸುಟ್ಟದ್ದುಂಟು. ದಾಟಲೇಬೇಕಾದರೆ ದಾಟಿದ ಮೇಲೆ ನಿಲ್ಲಿಸಿ, ಅಡಿಯಲ್ಲಿ ಸಿಕ್ಕಿದ್ದನ್ನು ಬಿಡಿಸಿ ಮುಂದೆ ಹೋಗಿ. ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳಿಗೆ ಹಿಂದೆ ದೀಪವಿರುವುದು ಅಪರೂಪ, ರಾತ್ರಿ ಅವುಗಳಿಂದ ದೂರವಿರಿ. ಟೈರ್ ಮಾತ್ರ ಒಡೆದರೆ, ಕಾರಿನ ಬೇರೆ ಭಾಗಕ್ಕೂ ಪೆಟ್ಟಾಗಿರದಿದ್ದರೆ, ಸಾಮಾನ್ಯ ಪಾಲಿಸಿ ದುಡ್ಡು ಕೊಡದು.

ಊಟಿ, ವಯನಾಡಿಗೆ ಹೋಗುವವರು ಬಂಡೀಪುರದ ರಾತ್ರಿ ಸಂಚಾರ ನಿಷೇಧವನ್ನು ಮರೆಯಬೇಡಿ: ರಾತ್ರಿ 9ರಿಂದ ಬೆಳಿಗ್ಗೆ 6. ಗೇಟಿನಲ್ಲಿ ಸಿಕ್ಕಿಕೊಂಡು ಬುಕಿಂಗ್ ಅವಧಿ ಮುಗಿದರೆ, ಆಮೇಲಿನ ಜಖಂಗೆ ಹೊಣೆಯ ಮಿತಿ ಅನ್ವಯಿಸದು ಎನ್ನುವ ಕರಾರುಗಳಿವೆ. ತಡವಾಗುವಂತಿದ್ದರೆ ಮೊದಲೇ ಅವಧಿ ವಿಸ್ತರಿಸಿಕೊಳ್ಳಿ.

ಡಿಕ್ಕಿ ಆಗಿಯೇ ಬಿಟ್ಟರೆ

ಜನರಿಗೆ ಪೆಟ್ಟಾಗಿದ್ದರೆ ಕಾರಿನ ಮಾತು ಆಮೇಲೆ. 112ಕ್ಕೆ ಕರೆ ಮಾಡಿ, ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಇದೆ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಚಾಲಕರ ಕರ್ತವ್ಯ.

ಬರೀ ಕಾರಿಗೆ ಪೆಟ್ಟಾಗಿದ್ದರೆ ಫೋಟೊ ತೆಗೆದು ಕೂಡಲೇ ಬಾಡಿಗೆ ಕೊಟ್ಟವರಿಗೆ ತಿಳಿಸಿ. ಅವರನ್ನು ಕೇಳದೆ ದಾರಿಯ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಬೇಡಿ, ಕ್ಲೇಮ್‌ಗೆ ಅದೇ ಅಡ್ಡಿಯಾಗುತ್ತದೆ. ರಸ್ತೆಯಲ್ಲೇ ಜಗಳ ಮುಗಿಸಲು ‘ತಪ್ಪು ನನ್ನದೇ’ ಎಂದು ಬರೆದು ಕೊಡಲೂಬೇಡಿ.

ಡೆಪಾಸಿಟ್ ಮುರಿದುಕೊಂಡರೆ

ಅಂದಾಜು ಪಟ್ಟಿಯೊಂದನ್ನು ತೋರಿಸಿ ದುಡ್ಡು ಹಿಡಿದುಕೊಂಡರೆ ಒಪ್ಪಬೇಡಿ. ರಿಪೇರಿಯಾದ ಮೇಲಿನ ಜಿಎಸ್‌ಟಿ ಬಿಲ್, ಬದಲಾಯಿಸಿದ ಭಾಗಗಳ ಫೋಟೊ ಕೇಳಿ. ವಿಮೆ ಕ್ಲೇಮ್ ಮಾಡಿದ್ದರೆ ಕಂಪನಿ ಎಷ್ಟು ಕೊಟ್ಟಿತು ಎಂಬ ಪತ್ರವನ್ನೂ ಕೇಳಿ. ಒಂದೇ ಬಂಪರ್‌ಗೆ ಎರಡು ಕಡೆಯಿಂದ ದುಡ್ಡು ಪಡೆಯುವುದು ಯಾವ ನ್ಯಾಯ?

ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಂಪನಿಯ ಕಚೇರಿ ಮುಂಬೈನಲ್ಲಿದ್ದರೂ ಮಂಡ್ಯದವರು ಮಂಡ್ಯದಲ್ಲೇ ಕೇಸು ನಡೆಸಬಹುದು. ನೀವು ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಆನ್‌ಲೈನ್‌ನಲ್ಲೂ ದಾಖಲಿಸಬಹುದು, ವಕೀಲರು ಇರಲೇಬೇಕೆಂದಿಲ್ಲ. ಘಟನೆ ನಡೆದ ಎರಡು ವರ್ಷದೊಳಗೆ ಹಾಕಬೇಕು ಅಷ್ಟೆ. ವಿಪರೀತ ಡೆಪಾಸಿಟ್ ಕೇಳುವುದು, ಆದ ನಷ್ಟಕ್ಕೆ ತಾಳಮೇಳವಿಲ್ಲದ ದಂಡ ಹಾಕುವುದು ‘ಅನ್ಯಾಯದ ಕರಾರು’ ಎಂದು ಅದೇ ಕಾಯ್ದೆ ಹೇಳುತ್ತದೆ. ಕರಾರನ್ನೇ ಪ್ರಶ್ನಿಸುವುದಾದರೆ ರಾಜ್ಯ ಆಯೋಗಕ್ಕೆ ಹೋಗಬೇಕು. ಎಲ್ಲಿಗೆ ಹೋದರೂ ಕರಾರಿನ ಪ್ರತಿ, ಡೆಪಾಸಿಟ್ ಕಟ್ಟಿದ ರಸೀದಿ, ಎರಡೂ ವಿಡಿಯೊ, ವಾಟ್ಸ್‌ಆ್ಯಪ್ ಮಾತುಕತೆಯ ಪ್ರತಿಗಳನ್ನು ದೂರಿನ ಜೊತೆಗೇ ಲಗತ್ತಿಸಿ.