ಶೋಕೇಸ್ ಹಿಂದಿನ ಜಾಯಿಂಟ್

ಹೊಸ ಸ್ಪೀಕರ್ ಕೇಬಲ್ ಹಾಕಿದ ರಾತ್ರಿ ಮಲ್ಲಿಕಾರ್ಜುನ ಮನ್ಸೂರರು ನಮ್ಮ ಹಾಲ್‌ನ ನಟ್ಟನಡುವೆ ಬಂದು ಕೂತರು. ಅಲ್ಲಿಯವರೆಗೆ ಅವರ ದನಿ ಗೋಡೆಯಿಂದ ಗೋಡೆಗೆ ಹರಡಿಕೊಂಡಿರುತ್ತಿತ್ತು. ಎಲ್ಲಿಂದ ಬರುತ್ತಿದೆ ಅಂತ ಬೆರಳು ತೋರಿಸಲು ಆಗುತ್ತಿರಲಿಲ್ಲ. ಈಗ ಎರಡು ಸ್ಪೀಕರ್‌ಗಳ ಮಧ್ಯೆ, ಸರಿಯಾಗಿ ಟೀವಿ ಇರುವ ಜಾಗದಲ್ಲಿ ಕೂತು ಹಾಡುತ್ತಿದ್ದಾರೆ ಅನ್ನಿಸಿತು. ತಬಲಾದ ಎಡಗೈ ಪೆಟ್ಟಿನಲ್ಲಿ ತೂಕ ಬಂದಿತ್ತು. ಅದೂ ಹಳೆಯ ಮೋನೋ ರೆಕಾರ್ಡಿಂಗ್, ಅಂದರೆ ಎರಡೂ ಸ್ಪೀಕರ್‌ಗೆ ಹೋಗುವುದು ಒಂದೇ ಸದ್ದು. ಹೆಂಡತಿಯನ್ನು ಕರೆದು ಕೂರಿಸಿದೆ. "ಹೌದು ರೀ, ಏನೋ ಬೇರೆ ಥರ ಇದೆ" ಅಂದಳು. ಆಮೇಲೆ ಬೆಲೆ ಕೇಳಿದಳು. ಜೋಡಿಗೆ 14,000 ರೂಪಾಯಿ. ಎದ್ದು ಅಡುಗೆಮನೆಗೆ ಹೋದಳು.

ನಮ್ಮದು ದೊಡ್ಡ ಸಿಸ್ಟಮ್ ಏನಲ್ಲ. ಚಾನಲ್‌ಗೆ 50 ವ್ಯಾಟ್‌ನ ಆಂಪ್ಲಿಫೈಯರ್, 8 ಓಮ್‌ನ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ, ಸಿಡಿ ಪ್ಲೇಯರ್, ಮಾವನವರ ಎಲ್‌ಪಿಗಳಿಗೆ ಅಂತ ತಂದ ಟರ್ನ್‌ಟೇಬಲ್. ಮನೆ ಬಸವನಗುಡಿಯಲ್ಲಿ. ಇಲ್ಲಿ ಮನಸ್ಸಿಟ್ಟು ಸಂಗೀತ ಕೇಳಬೇಕು ಅಂದರೆ ರಾತ್ರಿ 10 ದಾಟಬೇಕು. ರಾತ್ರಿ ಹೊತ್ತು ಕರೆಂಟ್ ಶುದ್ಧವಾಗಿರುತ್ತೆ, ಅದಕ್ಕೇ ಸಿಸ್ಟಮ್ ಚೆನ್ನಾಗಿ ಹಾಡುತ್ತೆ ಅನ್ನುವವರಿದ್ದಾರೆ. ಗಾಂಧಿ ಬಜಾರಿನ ಹಾರ್ನ್‌ಗಳು ನಿಂತಿರುತ್ತವೆ, ಅಷ್ಟೇ.

ಕೇಬಲ್ ಮಾರಿದವರು "ನೂರು ಗಂಟೆ ಓಡಿಸಿ ಸಾರ್, ಆಮೇಲೆ ಇನ್ನೂ ಬಿಚ್ಚಿಕೊಳ್ಳುತ್ತೆ" ಅಂದಿದ್ದರು. ದಿನಕ್ಕೆ ನಾಲ್ಕು ಗಂಟೆಯಂತೆ 25 ದಿನ. ಅಷ್ಟು ದಿನದಲ್ಲಿ ತಾಮ್ರ ಏನು ಕಲಿಯುತ್ತೋ ಗೊತ್ತಿಲ್ಲ, ನಮ್ಮ ಕಿವಿಯಂತೂ ಹೊಸ ಸದ್ದಿಗೆ ಒಗ್ಗಿಕೊಳ್ಳುತ್ತೆ. ನನಗೆ ಕಾಯುವ ಅಗತ್ಯವೇ ಬರಲಿಲ್ಲ. ಮೊದಲ ದಿನವೇ ಗೆದ್ದಿದ್ದೆ. ಎರಡು ವಾರ ಸಿಕ್ಕಸಿಕ್ಕವರಿಗೆಲ್ಲ ಕೇಬಲ್ ಪುರಾಣ ಹೇಳಿದೆ.

ಮಗಳು ಎಂಜಿನಿಯರಿಂಗ್ ಎರಡನೇ ವರ್ಷ. ಒಂದು ಭಾನುವಾರ ಕೇಳಿಕೇಳಿ ಸಾಕಾಗಿ "ಅಪ್ಪ, ಯಾವ ಕೇಬಲ್ ಅಂತ ನೋಡದೆ ಹೇಳ್ತೀಯಾ?" ಅಂದಳು. ಸರಿ ಅಂದೆ. ಎಸ್.ಪಿ. ರೋಡಿನಿಂದ ಥಟ್ಟನೆ ಸಿಕ್ಕಿಸಿ ತೆಗೆಯಬಹುದಾದ ಬನಾನಾ ಪ್ಲಗ್ ತಂದು ಎರಡೂ ಕೇಬಲ್‌ಗಳ ತುದಿಗಳಿಗೆ ಹಾಕಿದೆವು. ಆಂಪ್ ಮೇಲೆ, ಸ್ಪೀಕರ್‌ಗಳ ಹಿಂದೆ ಬೆಡ್‌ಶೀಟ್ ಹೊದಿಸಿದೆವು. ಅವಳು ನಾಣ್ಯ ಚಿಮ್ಮಬೇಕು, ಆಂಪ್ ಆಫ್ ಮಾಡಿ ಕೇಬಲ್ ಬದಲಿಸಬೇಕು ಅಥವಾ ಬದಲಿಸಿದ ಹಾಗೆ ನಟಿಸಬೇಕು. ಅಷ್ಟು ಹೊತ್ತು ನಾನು ಅಡುಗೆಮನೆಯಲ್ಲಿ. ವಾಪಸ್ ಬಂದು ಅದೇ ಅರ್ಧ ನಿಮಿಷದ ತುಣುಕು ಕೇಳಿ ಹೇಳಬೇಕು. ವಾಲ್ಯೂಮ್ ಮುಟ್ಟುವ ಹಾಗಿಲ್ಲ, ಯಾಕೆಂದರೆ ಒಂಚೂರು ಜಾಸ್ತಿ ಇಟ್ಟರೂ ಅದೇ ಚೆನ್ನಾಗಿದೆ ಅನ್ನಿಸಿಬಿಡುತ್ತೆ.

ಹತ್ತಕ್ಕೆ ಹತ್ತೂ ಸರಿ ಹೇಳಿದೆ.

ನಾನು ಮೀಸೆ ತಿರುವುತ್ತಿದ್ದರೆ ಅವಳ ಮುಖದಲ್ಲಿ ಅನುಮಾನ. "ಇಷ್ಟೊಂದು ವ್ಯತ್ಯಾಸ ಬರಬಾರದು" ಅಂತ ಪೇಪರ್ ತಗೊಂಡು ಕೂತಳು. ಹಳೆಯದು 1 ಚದರ ಮಿಲಿಮೀಟರ್‌ನ ತಾಮ್ರದ ವೈರ್. ಕರೆಂಟಿಗೆ ಅದು ಒಡ್ಡುವ ತಡೆ ಮೀಟರ್‌ಗೆ ಸುಮಾರು 0.017 ಓಮ್. ಒಂದೊಂದು ಸ್ಪೀಕರ್‌ಗೆ 5 ಮೀಟರ್, ಹೋಗಿ ಬರುವುದು ಸೇರಿ 10 ಮೀಟರ್. ಒಟ್ಟು 0.17 ಓಮ್. ಹೊಸದು 4 ಚದರ ಮಿಲಿಮೀಟರ್, ಅದರ ಕಾಲು ಭಾಗ. 8 ಓಮ್ ಸ್ಪೀಕರ್‌ಗೆ ಇದರಿಂದ ಸದ್ದಿನಲ್ಲಿ ಬರುವ ವ್ಯತ್ಯಾಸ 0.15 ಡೆಸಿಬೆಲ್ ಕೂಡ ಇಲ್ಲ. ಸ್ಪೀಕರ್‌ನ ಇಂಪಿಡೆನ್ಸ್, ಅಂದರೆ ಸ್ವರದಿಂದ ಸ್ವರಕ್ಕೆ ಬದಲಾಗುವ ಅದರ ತಡೆ, 4 ಓಮ್‌ಗೆ ಇಳಿಯುವ ಕಡೆ ಕಾಲು ಡೆಸಿಬೆಲ್ ಇರಬಹುದು. ಇಷ್ಟರಿಂದ ಮನ್ಸೂರರು ಗೋಡೆ ಬಿಟ್ಟು ನಡುವೆ ಬಂದು ಕೂರಲಾರರು.

ಅವಳು ಟೀವಿ ರಿಮೋಟ್‌ನಿಂದ 1.5 ವೋಲ್ಟ್ ಸೆಲ್ ತೆಗೆದಳು. ಹಳೆಯ ವೈರ್ ಅನ್ನು ಆಂಪ್‌ನಿಂದ ಬಿಚ್ಚಿ, ಪ್ಲಸ್ ಗುರುತಿನ ಎಳೆಯನ್ನು ಸೆಲ್‌ನ ಪ್ಲಸ್‌ಗೆ, ಇನ್ನೊಂದನ್ನು ಮೈನಸ್‌ಗೆ ಒಂದು ಕ್ಷಣ ತಾಗಿಸಿದಳು. ಎಡಗಡೆ ಸ್ಪೀಕರ್‌ನ ವೂಫರ್, ಅಂದರೆ ಅದರ ದೊಡ್ಡ ಕೋನ್, ಟಕ್ ಅಂತ ಮುಂದಕ್ಕೆ ಬಂತು. ಬಲಗಡೆಯದು ಒಳಕ್ಕೆ ಹೋಯಿತು.

ಇಬ್ಬರೂ ಸೇರಿ ಶೋಕೇಸ್ ಸರಿಸಿದೆವು. ಹಿಂದೆ ಧೂಳಿನ ರಾಶಿಯಲ್ಲಿ ನಾನೇ ಮಾಡಿದ ಜಾಯಿಂಟ್ ಸಿಕ್ಕಿತು. ಈ ಮನೆಗೆ ಬಂದಾಗ ಬಲಗಡೆ ವೈರ್ ಸಾಲದೆ ಒಂದೂವರೆ ಮೀಟರ್ ಸೇರಿಸಿ, ತಿರುಚಿ, ಇನ್ಸುಲೇಶನ್ ಟೇಪ್ ಸುತ್ತಿದ್ದೆ. ಎರಡೂ ತುಂಡುಗಳು ಪಾರದರ್ಶಕ ವೈರ್. ಒಂದರಲ್ಲಿ ಪ್ಲಸ್‌ಗೆ ಕೆಂಪು ಗೆರೆ. ಇನ್ನೊಂದರಲ್ಲಿ ಗೆರೆ ಇಲ್ಲ, ಒಂದು ಎಳೆ ತಾಮ್ರದ ಬಣ್ಣ, ಒಂದು ಬೆಳ್ಳಿಯ ಬಣ್ಣ. ಅವಸರದಲ್ಲಿ ಉಲ್ಟಾ ಸೇರಿಸಿದ್ದೆ. ಟೇಪ್ ಬಿಚ್ಚಿದರೆ ತಾಮ್ರಕ್ಕೆ ಹಸಿರು ಕಿಲುಬು ಬೇರೆ. ಒಂದು ಸ್ಪೀಕರ್ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತಿದ್ದರೆ ಬಾಸ್ ಒಂದಕ್ಕೊಂದು ಕಡಿದುಕೊಂಡು ಹೋಗುತ್ತೆ, ನಡುವೆ ಕೇಳಬೇಕಾದ ದನಿ ಚೆಲ್ಲಾಪಿಲ್ಲಿ ಆಗುತ್ತೆ. ಆರು ವರ್ಷ ಹಾಗೇ ಕೇಳಿದ್ದೇನೆ! ಹೊಸ ಕೇಬಲ್‌ನಲ್ಲಿ ಜಾಯಿಂಟ್ ಇರಲಿಲ್ಲ, ಕೆಂಪು ಕಪ್ಪು ಸರಿಯಾಗಿ ಸಿಕ್ಕಿಸಿದ್ದೆ. ಅದರ ಮಹಿಮೆ ಅಷ್ಟೇ.

ಇನ್ನೊಂದು ಗಂಡಾಂತರದಿಂದಲೂ ಪಾರಾಗಿದ್ದೇವೆ. ನಮ್ಮ ಆಂಪ್‌ನಲ್ಲಿ ಎರಡು ಜೋಡಿ ಸ್ಪೀಕರ್‌ಗಳಿಗೆ ಅಂತ ಸ್ಪೀಕರ್ ಎ, ಬಿ ಸ್ವಿಚ್ ಇದೆ. ಬೇಗ ಬೇಗ ಹೋಲಿಸಬಹುದು ಅಂತ ಎರಡೂ ಕೇಬಲ್‌ಗಳನ್ನು ಒಟ್ಟಿಗೆ ಸ್ಪೀಕರ್‌ಗೆ ಸಿಕ್ಕಿಸುವ ಯೋಚನೆ ನನಗೆ ಬಂದಿತ್ತು. ಒಂದು ಕಡೆ ಉಲ್ಟಾ ಇರುವಾಗ ಹಾಗೆ ಮಾಡಿದ್ದರೆ ಆಂಪ್‌ನ ಔಟ್‌ಪುಟ್ ಶಾರ್ಟ್ ಆಗುತ್ತಿತ್ತು. ನೀವು ಮಾಡುವುದಾದರೆ ಮೊದಲು ಸೆಲ್ ಪರೀಕ್ಷೆ ಮಾಡಿ.

ಕಿಲುಬು ಹಿಡಿದ ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಸರಿಯಾಗಿ ಹೊಂದಿಸಿ ಬೆಸುಗೆ ಹಾಕಿದೆ. ಮುಂದಿನ ಭಾನುವಾರ ಮತ್ತೆ ನಾಣ್ಯ, ಮತ್ತೆ ಬೆಡ್‌ಶೀಟ್. ಈ ಸಲ ಹತ್ತಕ್ಕೆ ಆರು ಸರಿ. ಸ್ವಲ್ಪ ಸಮಾಧಾನ ಆಯಿತು, ಆರು ಅಂದರೆ ಪಾಸು ಅಲ್ವಾ? ಅಲ್ಲವಂತೆ. ಸುಮ್ನೆ ಬಾಯಿಗೆ ಬಂದದ್ದು ಹೇಳಿದರೂ ನೂರಕ್ಕೆ ಸುಮಾರು 38 ಸಲ ಆರು ಅಥವಾ ಅದಕ್ಕಿಂತ ಜಾಸ್ತಿ ಸರಿ ಬರುತ್ತೆ ಅಂತ ಲೆಕ್ಕ ತೋರಿಸಿದಳು. ಒಪ್ಪಿದೆ. ಕೇಳುವಾಗಲೇ ಗೊತ್ತಾಗಿತ್ತು ನಾನು ಊಹಿಸುತ್ತಿದ್ದೇನೆ ಅಂತ. ಒಂದು ಸಲ ತಂಬೂರಿ ಹೊಳಪಾಗಿ ಕೇಳಿತು, ಖಂಡಿತ ಹೊಸದೇ ಅಂದೆ. ಹಳೆಯದಾಗಿತ್ತು.

ಹಾಗಂತ ಯಾವ ಕೇಬಲ್ ಆದರೂ ಒಂದೇ ಅನ್ನಲಾರೆ. ಟರ್ನ್‌ಟೇಬಲ್ ವಿಷಯ ಬೇರೆ. ಅದು ಎದುರು ಗೋಡೆಯ ಹತ್ತಿರ ಇತ್ತು, ಆಂಪ್‌ವರೆಗೆ 3 ಮೀಟರ್ ಆರ್‌ಸಿಎ ಕೇಬಲ್ ಎಳೆದಿದ್ದೆ. ಎಲ್‌ಪಿಯಲ್ಲಿ ಪಿಟೀಲು ಕಿವಿ ಚುಚ್ಚುತ್ತಿತ್ತು. ಹಾಡುವವರ 'ಸ' ಅಕ್ಷರ ಸೀಟಿಯ ಹಾಗೆ. ನನ್ನ ಎಂ.ಎಂ. (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಜ್‌ಗೆ, ಅಂದರೆ ಸೂಜಿ ಇರುವ ಭಾಗಕ್ಕೆ, ಒಟ್ಟು ಕೆಪಾಸಿಟೆನ್ಸ್ (ವೈರು ಚಾರ್ಜ್ ಹಿಡಿದಿಟ್ಟುಕೊಳ್ಳುವ ಅಳತೆ) 100ರಿಂದ 200 ಪಿಕೋಫ್ಯಾರಡ್ ಒಳಗೆ ಇರಬೇಕು ಅಂತ ಅದರ ಚೀಟಿಯಲ್ಲೇ ಬರೆದಿದೆ. ಮೀಟರ್‌ಗೆ 100 ಅಂತ ಹಿಡಿದರೂ ನನ್ನ ಕೇಬಲ್ ಒಂದೇ 300. ಟರ್ನ್‌ಟೇಬಲ್ ಸಿಕ್ಕಿಸುವ ಆಂಪ್‌ನ ಫೋನೋ ಇನ್‌ಪುಟ್‌ನದ್ದು, ಸೂಜಿ ಹಿಡಿದ ಟೋನ್‌ಆರ್ಮ್ ವೈರಿನದ್ದು ಅದರ ಮೇಲೆ. ಹೀಗಾದಾಗ ಕಾರ್ಟ್ರಿಜ್ ಒಳಗಿನ ಕಾಯಿಲ್ ಜೊತೆ ಸೇರಿ ಮೇಲಿನ ಸ್ವರಗಳಲ್ಲಿ ಒಂದು ಉಬ್ಬು ಬರುತ್ತೆ, ಅದರಾಚೆ ಸದ್ದು ಬೇಗ ಇಳಿದುಹೋಗುತ್ತೆ. ಟರ್ನ್‌ಟೇಬಲ್ ಅನ್ನು ಆಂಪ್ ಪಕ್ಕಕ್ಕೆ ತಂದು 600 ರೂಪಾಯಿಯ ಒಂದು ಮೀಟರ್ ಕೇಬಲ್ ಹಾಕಿದೆ. ಚುಚ್ಚುವುದು ನಿಂತಿತು. ಮಗಳ ಪರೀಕ್ಷೆಯಲ್ಲಿ ಹತ್ತಕ್ಕೆ ಒಂಬತ್ತು. ತಪ್ಪಿದ ಒಂದಕ್ಕೆ ಪಕ್ಕದ ಮನೆಯ ಕುಕ್ಕರ್ ವಿಷಲ್ ಕಾರಣ ಅಂತ ವಾದ ಮಾಡಿದೆ, ನಡೆಯಲಿಲ್ಲ.

ಆಂಪ್ ಪಕ್ಕದಲ್ಲಿದ್ದ ಚನ್ನಪಟ್ಟಣದ ಗೊಂಬೆಗಳು ಈಗ ಎದುರು ಗೋಡೆಗೆ ಹೋಗಿವೆ. ಹೆಂಡತಿ ಇನ್ನೂ ಒಪ್ಪಿಲ್ಲ. ಸ್ಪೀಕರ್‌ಗಳಿಗೆ ಆ 14,000ದ ಕೇಬಲ್ಲೇ ಇದೆ. ಹಳೆಯದನ್ನೇ ಹಾಕಬಹುದು, ಆದರೆ ಅದಕ್ಕೆ ಮತ್ತೆ ಶೋಕೇಸ್ ಸರಿಸಬೇಕು.