0030 ಅಂದ್ರೆ ಯಾವ ಗಡಿಯಾರ? ನೋಟಮ್ ಓದೋಕೆ ನಾನು ಕಲಿತಿದ್ದು

ನಮ್ದು ವಿರಾಜಪೇಟೆ ಕಡೆ ಕಾಫಿ ತೋಟ. ಕೊಡಗಲ್ಲಿ ವಿಮಾನ ನಿಲ್ದಾಣ ಇಲ್ಲ, ಘಟ್ಟ ಇಳಿದ್ರೆ ಕಣ್ಣೂರು, ಈ ಕಡೆ ಬಂದ್ರೆ ಮೈಸೂರು, ಹಾಗಾಗಿ ನಲವತ್ತು ದಾಟಿದ ಮೇಲೆ ಪ್ರೈವೇಟ್ ಪೈಲಟ್ ಲೈಸೆನ್ಸ್ ಮಾಡ್ಬೇಕು ಅಂತ ಹೊರಟಾಗ ಪ್ರತಿ ಕ್ಲಾಸಿಗೂ ಕತ್ತಲಲ್ಲೇ ಜೀಪು ಸ್ಟಾರ್ಟ್ ಮಾಡಿ ಹೊರಡ್ಬೇಕಿತ್ತು. ವಿಮಾನ ಹಾರಿಸೋದು, ಇಳಿಸೋದು ಎಲ್ಲ ಕೈಗೆ ನಿಧಾನವಾಗಿ ಕೂತ್ಕೊಳ್ತು. ಕೂತ್ಕೊಳ್ದೇ ಇದ್ದಿದ್ದು ನೋಟಮ್. ಹಾರೋಕೆ ಮುಂಚೆ ಪೈಲಟ್ ಓದಲೇಬೇಕಾದ ಸೂಚನೆ ಅದು: ಯಾವ ರನ್‌ವೇ ಮುಚ್ಚಿದೆ, ಎಲ್ಲಿ ಕ್ರೇನ್ ಎದ್ದಿದೆ, ಯಾವ ದೀಪ ಉರೀತಿಲ್ಲ, ಯಾವ ಆಕಾಶಕ್ಕೆ ಹೋಗಬಾರದು ಅನ್ನೋದೆಲ್ಲ ಅದರಲ್ಲೇ ಬರುತ್ತೆ. ಆದ್ರೆ ಪೂರ್ತಿ ದೊಡ್ಡಕ್ಷರ, ಅರ್ಧ ಪದಗಳಿಗೆ ಸ್ವರಾನೇ ಇಲ್ಲ, ಮಧ್ಯೆ ಮಧ್ಯೆ ಹತ್ತತ್ತು ಅಂಕಿ. ಮೊದಲ ತಿಂಗಳು ನಾನು ಅದನ್ನ ಇಂಗ್ಲಿಷ್ ಥರ ಓದೋಕೆ ಹೋಗಿ ಸೋತೆ.

ದಾರಿ ಸಿಕ್ಕಿದ್ದು ತೋಟದಿಂದಲೇ ಅನ್ನಬಹುದು. ದಿನಾ ಫೋನಿಗೆ ಕಾಫಿ ರೇಟಿನ ಮೆಸೇಜ್ ಬರುತ್ತಲ್ಲ, ಎಪಿ ಇಷ್ಟು, ಎಸಿ ಇಷ್ಟು, ಆರ್‌ಪಿ ಇಷ್ಟು, ಆರ್‌ಸಿ ಓಟಿ ಮೇಲೆ ಇಷ್ಟು ಅಂತ. ಬೇರೆ ಊರವ್ರಿಗೆ ಅದು ಏನೂ ಅಲ್ಲ, ಅಪ್ಪ ಮಾತ್ರ ಒಂದೇ ನೋಟಕ್ಕೆ ಅರೇಬಿಕಾ ಪಾರ್ಚ್‌ಮೆಂಟ್ ಏರಿದೆ, ರೋಬಸ್ಟಾ ಚೆರ್ರಿ ಇಳಿದಿದೆ ಅಂತ ಹೇಳ್ಬಿಡ್ತಾರೆ. ಅವರು ಅದನ್ನ ಓದಲ್ಲ, ಯಾವ ಜಾಗದಲ್ಲಿ ಏನಿರುತ್ತೆ ಅಂತ ಗೊತ್ತು, ಅಲ್ಲಿಗೇ ಕಣ್ಣು ಹೋಗುತ್ತೆ. ನೋಟಮ್ಮೂ ಹಾಗೇ ಅಂತ ಹೊಳೆದ ಮೇಲೆ ಕೆಲಸ ಹಗುರ ಆಯ್ತು.

ಜಾಗಗಳು ಹೀಗಿವೆ. ಮೊದಲು ನಂಬರು, ಅದರ ಪಕ್ಕ ನೋಟಮ್ ಅನ್ನೋದಕ್ಕೆ ಅಂಟಿಕೊಂಡು ಒಂದಕ್ಷರ: ಎನ್ ಅಂದ್ರೆ ಹೊಸದು, ಆರ್ ಅಂದ್ರೆ ಹಳೇದರ ಬದಲಿಗೆ ಬಂದಿದ್ದು, ಸಿ ಅಂದ್ರೆ ಹಳೇದನ್ನ ರದ್ದು ಮಾಡೋದು. ಆಮೇಲೆ ಕ್ಯೂ ಲೈನ್. ಆಮೇಲೆ ಎ ಇಂದ ಜಿ ತನಕ ಸಾಲುಗಳು: ಎ ಯಾವ ಜಾಗ, ಬಿ ಯಾವಾಗಿಂದ, ಸಿ ಯಾವಾಗಿನ ತನಕ, ಡಿ ದಿನದಲ್ಲಿ ಯಾವ ಹೊತ್ತು, ಇ ವಿಷಯ, ಎಫ್ ಮತ್ತು ಜಿ ಕೆಳಗಿನ ಎತ್ತರ ಮೇಲಿನ ಎತ್ತರ. ಎಲ್ಲ ನೋಟಮ್ಮಲ್ಲೂ ಡಿ, ಎಫ್, ಜಿ ಇರಲ್ಲ.

ಕ್ಯೂ ಲೈನ್ ನೋಡಿದ್ರೆ ಹೆದರಿಕೆ ಆಗುತ್ತೆ, ಆದ್ರೆ ನನಗೆ ಈಗ ಅದೇ ಇಷ್ಟ. ಮೊದಲು ನಾಲ್ಕಕ್ಷರದ ಎಫ್‌ಐಆರ್ (ಪೊಲೀಸರದ್ದಲ್ಲ, ಫ್ಲೈಟ್ ಇನ್ಫರ್ಮೇಶನ್ ರೀಜನ್, ಅಂದ್ರೆ ಆಕಾಶದ ಯಾವ ವಲಯ ಅಂತ), ನಮ್ಮ ಕಡೆಗೆ ಚೆನ್ನೈದು, ವಿಓಎಂಎಫ್. ಆಮೇಲೆ ಕ್ಯೂ ಇಂದ ಶುರುವಾಗೋ ಐದಕ್ಷರ. ಕ್ಯೂ ಬಿಟ್ಟು ಮೊದಲೆರಡು ಯಾವ ವಸ್ತು ಅಂತ, ಕೊನೇ ಎರಡು ಅದಕ್ಕೆ ಏನಾಗಿದೆ ಅಂತ. ಎಂಆರ್ ರನ್‌ವೇ, ಎಂಎಕ್ಸ್ ಟ್ಯಾಕ್ಸಿವೇ (ವಿಮಾನ ರನ್‌ವೇಗೆ ಹೋಗಿ ಬರೋ ದಾರಿ), ಓಬಿ ಅಡ್ಡ ನಿಂತಿರೋ ವಸ್ತು, ಎಲ್‌ಪಿ ಪಾಪಿ (ಪಿಎಪಿಐ) ದೀಪ, ಅಂದ್ರೆ ಸರಿಯಾದ ಇಳಿಜಾರಲ್ಲಿ ಇಳೀತಿದ್ದೀವಾ ಅಂತ ತೋರಿಸೋದು. ಎಲ್‌ಸಿ ಅಂದ್ರೆ ಮುಚ್ಚಿದೆ, ಎಎಸ್ ಅಂದ್ರೆ ಕೆಟ್ಟಿದೆ, ಸಿಇ ಅಂದ್ರೆ ಎಬ್ಬಿಸಿದ್ದಾರೆ. ಹಾಗಾಗಿ ಕ್ಯೂ ಎಂಆರ್ ಎಲ್‌ಸಿ ಕಂಡ ತಕ್ಷಣ ರನ್‌ವೇ ಮುಚ್ಚಿದೆ ಅಂತ ಗೊತ್ತಾಗುತ್ತೆ, ಮುಂದಿನ ಒಂದಕ್ಷರ ಓದೋ ಮುಂಚೆನೇ. ಇಂಥ ಜೋಡಿ ನೂರಾರು ಇವೆ, ಎಲ್ಲ ಬಾಯಿಪಾಠ ಬೇಡ, ನಮ್ಮಂಥ ಸಣ್ಣ ವಿಮಾನದವ್ರಿಗೆ ಹದಿನೈದಿಪ್ಪತ್ತು ಗೊತ್ತಿದ್ರೆ ದಿನದ ಕೆಲಸ ನಡೆಯುತ್ತೆ, ಉಳಿದಿದ್ದಕ್ಕೆ ಪಟ್ಟಿ ಪಕ್ಕದಲ್ಲಿ ಇಟ್ಕೋಬೇಕು.

ಕ್ಯೂ ಲೈನ್ ಕೊನೆಗೆ ಅಕ್ಷಾಂಶ ರೇಖಾಂಶ, ಅದಕ್ಕಂಟಿ ಮೂರಂಕಿ. 1225 ಎನ್ 07544 ಇ 005 ಅಂತ ಇದ್ರೆ ನಮ್ಮ ಮಡಿಕೇರಿ ಸುತ್ತ 5 ನಾಟಿಕಲ್ ಮೈಲಿ, ಅಂದ್ರೆ ಹೆಚ್ಚುಕಮ್ಮಿ 9 ಕಿಲೋಮೀಟರ್ ವೃತ್ತ. ಇದನ್ನ ನಾನು ಕಂಪಾಸ್ ತಗೊಂಡು ಚಾರ್ಟ್ ಮೇಲೆ ಪೆನ್ಸಿಲಲ್ಲಿ ಬರೀತೀನಿ. ಆ್ಯಪಲ್ಲಿ ತಾನಾಗೇ ಬರುತ್ತೆ ಅಂತ ಹುಡುಗರು ಹೇಳ್ತಾರೆ, ಬರ್ಲಿ, ಕೈಯಲ್ಲಿ ಎಳೆದ ವೃತ್ತ ಮಾತ್ರ ಮೇಲೆ ಹೋದಾಗಲೂ ನೆನಪಿರುತ್ತೆ.

ಈಗ ಟೈಮಿನ ವಿಷಯ, ನಾನು ಈ ಬರಹ ಬರೀತಿರೋದೇ ಇದಕ್ಕೆ. ಟ್ರೈನಿಂಗಲ್ಲಿ ಒಂದು ಕ್ರಾಸ್ ಕಂಟ್ರಿ ಇತ್ತು, ಬೆಳಗ್ಗೆ ಆರೂವರೆಗೆ ಹೊರಟು ಬೇರೊಂದು ಊರಲ್ಲಿ ಇಳಿದು ವಾಪಸ್ ಬರೋದು. ಆ ಊರಿನ ನೋಟಮ್ ನೋಡ್ದೆ, ರನ್‌ವೇ ಮುಚ್ಚಿದೆ, ಒಂದು ವಾರ, ಡಿ ಸಾಲಲ್ಲಿ ದಿನಾ 0030 ಇಂದ 0330. ರಾತ್ರಿ ಹನ್ನೆರಡೂವರೆಯಿಂದ ಮೂರೂವರೆ, ನಾನು ಹಗಲಲ್ಲಿ ಮಾತ್ರ ಹಾರೋನು, ನನಗೆ ಸಂಬಂಧ ಇಲ್ಲ ಅಂತ ಅದರ ಮೇಲೆ ಗೆರೆ ಎಳೆದು ಹಾರೋದು ಕಲಿಸ್ತಿದ್ದ ಸರ್ ಹತ್ರ ತಗೊಂಡು ಹೋದೆ. ಅವರು ಆ ಗೆರೆ ಮೇಲೆ ಬೆರಳಿಟ್ಟು ಕೇಳಿದ್ರು, "ಇದು ಯಾವ ಗಡಿಯಾರ ಹೇಳಿ ನೋಡುವ?"

ನೋಟಮ್ಮಲ್ಲಿ ಎಲ್ಲ ಟೈಮೂ ಯುಟಿಸಿ, ಅಂದ್ರೆ ಇಡೀ ಜಗತ್ತಿಗೆ ಒಂದೇ ಗಡಿಯಾರ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. 0030 ಅಂದ್ರೆ ಬೆಳಗ್ಗೆ 6 ಗಂಟೆ, 0330 ಅಂದ್ರೆ 9 ಗಂಟೆ. ನಾನು ಇಳೀಬೇಕು ಅಂತಿದ್ದ ಹೊತ್ತಿಗೆ ಸರಿಯಾಗಿ ರನ್‌ವೇ ಮೇಲೆ ಜನ, ಗಾಡಿ ಎಲ್ಲ ಇರ್ತಿದ್ರು. ಫ್ಲೈಟ್ ಪ್ಲಾನಲ್ಲಿ ಯುಟಿಸಿ ಬರೆಯೋದು ನನಗೆ ಬರ್ತಿತ್ತು, ಪರೀಕ್ಷೇಲೂ ಸರಿ ಬರೆದಿದ್ದೆ, ಆದ್ರೂ ಹಾಳೆ ಕೈಗೆ ಬಂದಾಗ ಕಣ್ಣು ತನ್ನ ಊರಿನ ಗಡಿಯಾರದಲ್ಲೇ ಓದ್ತು. ಸರ್ ಬೈಲಿಲ್ಲ, ಬೈದಿದ್ರೆ ಚೆನ್ನಾಗಿತ್ತು ಅನ್ನಿಸ್ತು. ಆವತ್ತು ವಾಪಸ್ ಬರೋವಾಗ ಕುಶಾಲನಗರ ದಾಟೋ ತನಕ ಅದೇ ಗೆರೆ ತಲೇಲಿ ಓಡ್ತಿತ್ತು.

ಅವತ್ತಿಂದ ಮಳೆ ಲೆಕ್ಕ ಬರೆಯೋ ಥರದ್ದೇ ಒಂದು ನೋಟ್‌ಬುಕ್ ಇಟ್ಟಿದ್ದೀನಿ. ಪ್ರತಿ ನೋಟಮ್ಮನ್ನೂ ಕನ್ನಡದಲ್ಲಿ, ನಮ್ಮ ಟೈಮಲ್ಲಿ, ಒಂದು ಪೂರ್ತಿ ವಾಕ್ಯವಾಗಿ ಬರೀತೀನಿ. "20ನೇ ತಾರೀಕಿಂದ ದಿನಾ ಬೆಳಗ್ಗೆ 6 ಇಂದ 9 ರನ್‌ವೇ ಇಲ್ಲ." ಇಷ್ಟೇ. ಬರೆಯೋಕೆ ಬರ್ಲಿಲ್ಲ ಅಂದ್ರೆ ಅದು ನನಗೆ ಅರ್ಥ ಆಗಿಲ್ಲ ಅಂತ. ತಾರೀಕೂ ಜೋಪಾನ, ಯುಟಿಸಿ 1830 ದಾಟಿದ್ರೆ ನಮಗೆ ಮಾರನೇ ದಿನ ಶುರು. 2025ರ ಮೇ ತಿಂಗಳಲ್ಲಿ ಉತ್ತರದ ಕಡೆ 32 ಏರ್‌ಪೋರ್ಟ್ ಮುಚ್ಚಿದಾಗ ಟಿವೀಲಿ 15ನೇ ತಾರೀಕು ಬೆಳಗ್ಗೆ 5:29ರ ತನಕ ಅಂತ ಬರ್ತಿತ್ತು ನೆನಪಿದೆಯಾ, ನಮ್ಮ ತೋಟದ ರೈಟರು "ಇದೆಂತ ಲೆಕ್ಕ ಅಣ್ಣ, ಐದೂವರೆ ಅಂತ ಹೇಳಬಾರ್ದಾ" ಅಂತ ಕೇಳಿದ್ರು. ಅದು ನೋಟಮ್ಮಿನ 14ನೇ ತಾರೀಕು 2359, ಐದೂವರೆ ಗಂಟೆ ಕೂಡಿಸಿದ್ರೆ 15ರ 0529.

ಸಿ ಸಾಲಲ್ಲಿ ಟೈಮಿನ ಪಕ್ಕ ಇಎಸ್‌ಟಿ ಅಂತ ಇದ್ರೆ ಅದು ಅಂದಾಜು. ಆ ಹೊತ್ತಾಯ್ತು, ರನ್‌ವೇ ತೆಗೆದಿರ್ತಾರೆ ಅಂತ ಹೊರಡೋ ಹಾಗಿಲ್ಲ, ಬದಲಿ ಅಥವಾ ರದ್ದಿನ ನೋಟಮ್ ಬರೋ ತನಕ ಅದು ಜೀವಂತ ಅಂತಲೇ ನಾನು ಇಟ್ಕೊಳ್ತೀನಿ. ಪರ್ಮ್ ಅಂದ್ರೆ ಶಾಶ್ವತ.

ಎತ್ತರದ ವಿಷಯ ಬೆಟ್ಟದ ಊರಿನವ್ರು ಗಮನ ಕೊಟ್ಟು ಓದ್ಬೇಕು. ಎಎಂಎಸ್‌ಎಲ್ ಅಂದ್ರೆ ಸಮುದ್ರ ಮಟ್ಟದಿಂದ, ಎಜಿಎಲ್ ಅಂದ್ರೆ ಅಲ್ಲಿನ ನೆಲದಿಂದ. 200 ಅಡಿ ಎಜಿಎಲ್ ಟವರ್ ಅಂದ್ರೆ ಬಯಲಲ್ಲಿ ಸಣ್ಣದು. ಅದೇ ಟವರ್ ಮಡಿಕೇರೀಲಿ ನಿಂತ್ರೆ ಅದರ ತಲೆ ಸಮುದ್ರ ಮಟ್ಟದಿಂದ ಸುಮಾರು 4000 ಅಡಿ, ಕ್ಯೂಎನ್‌ಎಚ್ (ಸಮುದ್ರ ಮಟ್ಟಕ್ಕೆ ಇಳಿಸಿದ ಗಾಳಿ ಒತ್ತಡ) ಸೆಟ್ ಮಾಡಿದ ನನ್ನ ಆಲ್ಟಿಮೀಟರ್, ಅಂದ್ರೆ ಎತ್ತರದ ಮೀಟರ್, ತೋರಿಸೋದೂ ಸಮುದ್ರ ಮಟ್ಟದ ಲೆಕ್ಕಾನೇ. ಇನ್ನೊಂದು, ನೆಲದಿಂದ ಹಿಡಿದು 5000 ಅಡಿ ಎಎಂಎಸ್‌ಎಲ್ ತನಕ ನಿರ್ಬಂಧ ಅಂತ ಬಂದ್ರೆ ಮೈಸೂರಿನ ಕಡೆ ಅದರ ಮೇಲಿಂದ ಹೋಗೋ ಯೋಚನೆ ಮಾಡಬಹುದು, ನಮ್ಮ ತಡಿಯಂಡಮೋಳ್ ಹತ್ರ ಆ 5000 ಅಡಿ ಬೆಟ್ಟದ ಹೊಟ್ಟೆ ಒಳಗೇ ಮುಗೀತದೆ, ಯಾಕಂದ್ರೆ ತುದಿ 1748 ಮೀಟರ್, ಅಂದ್ರೆ 5700 ಅಡಿ ಮೇಲೆ.

ಇಷ್ಟೆಲ್ಲ ಯಾಕೆ ಅಂದ್ರೆ ನೋಟಮ್ ಒಂದೆರಡು ಬರಲ್ಲ, ಕಟ್ಟುಗಟ್ಟಲೆ ಬರುತ್ತೆ, ಬೇಕಾಗಿದ್ದು ಬೇಡದ್ದರ ಅಡಿ ಬಿದ್ದಿರುತ್ತೆ. 2017ರ ಜುಲೈಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏರ್ ಕೆನಡಾ ವಿಮಾನ ರಾತ್ರಿ ರನ್‌ವೇ ಅಂದ್ಕೊಂಡು ಟ್ಯಾಕ್ಸಿವೇ ಮೇಲೆ ಇಳಿಯೋಕೆ ಬಂದಿತ್ತು, ಅಲ್ಲಿ ನಾಲ್ಕು ವಿಮಾನ ಟೇಕಾಫಿಗೆ ಕಾಯ್ತಿದ್ವು, ಸುಮಾರು 60 ಅಡಿ ತನಕ ಇಳಿದು ಮೇಲೆದ್ದು ಹೋಯ್ತು. ಪಕ್ಕದ ರನ್‌ವೇ ಮುಚ್ಚಿದೆ ಅನ್ನೋ ನೋಟಮ್ ಪೈಲಟ್‌ಗಳಿಗೆ ಕೊಟ್ಟ 27 ಪುಟದ ಕಟ್ಟಲ್ಲಿ 8ನೇ ಪುಟದಲ್ಲಿತ್ತು. ಅಷ್ಟು ಅನುಭವ ಇರೋರಿಗೇ ಹಾಗಾಗುತ್ತೆ ಅಂದ್ರೆ, ನಾನು ಓದಿದ್ದೀನಿ ಅಂತ ತಲೆ ಆಡಿಸೋದಕ್ಕೆ ಬೆಲೆ ಇಲ್ಲ. ಹಾಗಾಗಿ ಮೊದಲ ಸಲಕ್ಕೆ ನಾನು ಇಳಿಯೋ ಜಾಗ, ಬೇಕಾದ್ರೆ ಓಡಿಹೋಗೋ ಜಾಗ, ಇವೆರಡರ ಎಂಆರ್ ಮಾತ್ರ ಹುಡುಕ್ತೀನಿ. ಎರಡನೇ ಸಲಕ್ಕೆ ದಾರಿ ಮೇಲಿನ ವೃತ್ತಗಳು. ಏರೋ ಇಂಡಿಯಾ ಟೈಮಲ್ಲಿ ಬೆಂಗಳೂರು ಕಡೆ ಹೋಗೋರಿಗೆ ಇದೇ ದೊಡ್ಡ ಕೆಲಸ, ಯಲಹಂಕ ಸುತ್ತ ಗಂಟೆ ಗಂಟೆಗೂ ಲೆಕ್ಕ ಬೇರೆ. ಮೂರನೇ ಸಲಕ್ಕೆ ಉಳಿದಿದ್ದು, ಹಕ್ಕಿ, ದೀಪ, ಇಂಧನ.

ಹೋದ ಮಳೆಗಾಲದಲ್ಲಿ ತಮ್ಮನ ಮಗ ಈ ನೋಟ್‌ಬುಕ್ ನೋಡಿ ತಾನೂ ಕಲೀತೀನಿ ಅಂದ. ಹೊರಗೆ ಮಳೆ, ಕರೆಂಟ್ ಇಲ್ಲ, ಜಗಲೀಲಿ ಕೂತು ಒಂದು ಹಳೇ ನೋಟಮ್ ಕೊಟ್ಟೆ. ಐದು ನಿಮಿಷ ನೋಡಿ ನೀಟಾಗಿ ನಮ್ಮ ಟೈಮಲ್ಲಿ ಬರೆದ. ಆಮೇಲೆ ಕೇಳ್ದ, "ದೊಡ್ಡಪ್ಪ, ಇದರಲ್ಲಿ ಇಎಸ್‌ಟಿ ಅಂತ ಇದೆ, ಕೆಲಸ ನಿಜವಾಗ್ಲೂ ಮುಗೀತಾ ಇಲ್ವಾ ಅಂತ ಹೇಗೆ ಗೊತ್ತಾಗೋದು?"

ಹೊರಡೋ ದಿನ ಬೆಳಗ್ಗೆ ಇನ್ನೊಂದ್ಸಲ ಹೊಸ ಹಾಳೆ ತೆಗೆಯೋದು, ಆಮೇಲೂ ಅನುಮಾನ ಇದ್ರೆ ಆ ಟವರಿಗೇ ಫೋನ್ ಮಾಡಿ ಕೇಳೋದು, ನಾನು ಇವತ್ತಿಗೂ ಅದನ್ನೇ ಮಾಡ್ತೀನಿ ಅಂದೆ.