‘ಗಾರ್ಡ್’ ಪದದ ಅರ್ಥ ಹಿಡಿಯುವುದು ಹೇಗೆ?

ಸೈಕಲ್ಲಿನ ಹಿಂದಿನ ಚಕ್ರದ ಮೇಲೆ ಬಾಗಿ ಕೂತಿರುವ ತಗಡನ್ನು ನೋಡಿ. ಅದರ ಹೆಸರು ಮಡ್‌ಗಾರ್ಡ್. ಅದು ಕೆಸರನ್ನು ಕಾಯುವುದಿಲ್ಲ. ಕೆಸರು ಸಿಡಿಯದಂತೆ ನಮ್ಮ ಬಟ್ಟೆಯನ್ನು ಕಾಯುತ್ತದೆ. ಬಾಡಿಗಾರ್ಡ್ ಆದರೋ ದೇಹವನ್ನೇ ಕಾಯುತ್ತಾನೆ. ‘ಕಾವಲು, ರಕ್ಷಣೆ’ ಎಂದಷ್ಟೇ ನಿಘಂಟಿನಲ್ಲಿ ಓದಿಕೊಂಡವರು ಎಡವುವುದು ಇಲ್ಲಿಯೇ.

ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದದ್ದು ಇದು: ಗಾರ್ಡ್ ಜೊತೆ ನಿಂತಿರುವುದು ಕಾಪಾಡಬೇಕಾದ ವಸ್ತುವೋ, ಬರಬಹುದಾದ ಅಪಾಯವೋ? ಲೈಫ್‌ಗಾರ್ಡ್, ಕೋಸ್ಟ್ ಗಾರ್ಡ್ ಪದಗಳಲ್ಲಿ ಜೀವ, ಕರಾವಳಿ ಕಾಪಾಡಬೇಕಾದವು. ಮಡ್‌ಗಾರ್ಡ್, ಫೈರ್‌ಗಾರ್ಡ್‌ಗಳಲ್ಲಿ ಕೆಸರು, ಬೆಂಕಿ ಅಪಾಯಗಳು. ಜೋಡುಪದಗಳಲ್ಲಿ ಇದನ್ನು ಹೇಳುವ ಗುರುತು ಯಾವುದೂ ಇಲ್ಲ, ವಿವೇಕವೇ ದಾರಿ.

ವಾಕ್ಯದಲ್ಲಿ ಮಾತ್ರ ಸ್ಪಷ್ಟ ಗುರುತಿದೆ. ‘ಗಾರ್ಡ್ ದ ಡೋರ್’ ಎಂದರೆ ಬಾಗಿಲನ್ನು ಕಾಯಿ. ‘ಗಾರ್ಡ್ ಅಗೇನ್ಸ್ಟ್ ಇನ್‌ಫೆಕ್ಷನ್’ ಎಂದರೆ ಸೋಂಕು ತಗಲದಂತೆ ಎಚ್ಚರ ವಹಿಸಿ. ಎರಡನೆಯದರಲ್ಲಿ ‘ಅಗೇನ್ಸ್ಟ್’ ಬಿಟ್ಟುಹೋದರೆ ಸೋಂಕನ್ನೇ ಜೋಪಾನ ಮಾಡಿ ಎಂದಾಗುತ್ತದೆ! ಇದು ಕನ್ನಡಿಗರಿಗೆ ಹೊಸದೇನೂ ಅಲ್ಲ. ‘ಹೊಲವನ್ನು ಕಾಯು’, ‘ಬಸ್ಸಿಗೆ ಕಾಯು’ ಎನ್ನುವಾಗ ಕ್ರಿಯಾಪದ ಒಂದೇ, ವಿಭಕ್ತಿ ಬದಲಾದೊಡನೆ ಅರ್ಥವೂ ಬದಲು. ನಮ್ಮಲ್ಲಿ ವಿಭಕ್ತಿ ಮಾಡುವ ಕೆಲಸವನ್ನು ಅಲ್ಲಿ ‘ಅಗೇನ್ಸ್ಟ್’ ಮಾಡುತ್ತದೆ. ಕಾವಲಿಗೂ ನಿರೀಕ್ಷೆಗೂ ನಮ್ಮಲ್ಲಿ ಒಂದೇ ಪದವಿರುವುದು ನನಗೆ ಬಹಳ ಇಷ್ಟ. ಇಂಗ್ಲಿಷಿನ ‘ವೇಟ್’ ಪದಕ್ಕೂ ಮೊದಲು ಕಣ್ಣಿಟ್ಟು ನೋಡು ಎಂಬ ಅರ್ಥವೇ ಇತ್ತು.

ಮುಂದಿನ ಹೆಜ್ಜೆ, ಮನಸ್ಸಿನ ಕಾವಲನ್ನು ಗುರುತಿಸುವುದು. ‘ಆನ್ ಗಾರ್ಡ್’ ಎಂದರೆ ಮೈಯೆಲ್ಲ ಕಣ್ಣಾಗಿರುವುದು, ‘ಆಫ್ ಗಾರ್ಡ್’ ಎಂದರೆ ಮೈಮರೆತಿರುವುದು. ‘ಗಾರ್ಡೆಡ್ ಆನ್ಸರ್’ ಎಂಬುದನ್ನು ‘ರಕ್ಷಿತ ಉತ್ತರ’ ಎಂದು ಅನುವಾದಿಸಿದರೆ ಓದುಗರಿಗೆ ಏನೂ ತಲುಪುವುದಿಲ್ಲ. ಅದು ಅಳೆದು ತೂಗಿ, ಪೂರ್ತಿ ಬಾಯಿಬಿಡದೆ ಕೊಟ್ಟ ಉತ್ತರ. ಕ್ರಿಕೆಟ್‌ನಲ್ಲಿ ಬ್ಯಾಟರ್ ‘ಗಾರ್ಡ್’ ತೆಗೆದುಕೊಳ್ಳುವುದೆಂದರೆ ಸ್ಟಂಪ್‌ಗಳಿಗೆ ನೇರವಾಗಿ ತಾನು ನಿಲ್ಲುವ ಜಾಗವನ್ನು ಅಂಪೈರ್‌ನನ್ನು ಕೇಳಿ ಗುರುತು ಮಾಡಿಕೊಳ್ಳುವುದು.

ಕೊನೆಗೆ ಪದದ ನೆಂಟರನ್ನು ಪರಿಚಯ ಮಾಡಿಕೊಳ್ಳಿ. ಕಾವಲು ಎಂಬ ಅರ್ಥದ ‘ವಾರ್ಡ್’ ಹಳೆಯ ಇಂಗ್ಲಿಷಿನ ಸ್ವಂತ ಪದ. ಅದೇ ಜರ್ಮಾನಿಕ್ (ಇಂಗ್ಲಿಷ್, ಜರ್ಮನ್ ಸೇರಿದ ಭಾಷಾಕುಟುಂಬ) ಬೇರು ಫ್ರೆಂಚಿಗೆ ಹೋಗಿ, ಮೊದಲ ‘ವ’ ಅಲ್ಲಿ ‘ಗ’ ಆಗಿ, ‘ಗಾರ್ಡ್’ ಎಂಬ ರೂಪದಲ್ಲಿ ಇಂಗ್ಲಿಷಿಗೆ ಮರಳಿತು. 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಇಂಥ ಪದಗಳಿಗೆ ಬಾಗಿಲು ತೆರೆಯಿತು. ವಾರ್ಡನ್–ಗಾರ್ಡಿಯನ್, ವಾರಂಟಿ–ಗ್ಯಾರಂಟಿ ಜೋಡಿಗಳಲ್ಲಿಯೂ ಇದೇ ವ–ಗ ಅದಲುಬದಲು ಕಾಣುತ್ತದೆ. ‘ಲಾರ್ಡ್’ ಪದದೊಳಗೂ ವಾರ್ಡ್ ಅಡಗಿದೆ. ಅದರ ಹಳೆಯ ರೂಪಕ್ಕೆ ರೊಟ್ಟಿ ಕಾಯುವವನು ಎಂದರ್ಥ. ‘ಫಾರ್ವರ್ಡ್’ನ ಬಾಲ ಮಾತ್ರ ಈ ಮನೆತನದ್ದಲ್ಲ, ಅದು ದಿಕ್ಕನ್ನು ಸೂಚಿಸುವ ಬೇರೆಯೇ ಪ್ರತ್ಯಯ.

ಶಾಲೆಯ ಅರ್ಜಿಯಲ್ಲಿ ಈ ನೆಂಟರು ಒಟ್ಟಿಗೆ ಸಿಗುತ್ತಾರೆ. ‘ಗಾರ್ಡಿಯನ್’ ಎಂಬಲ್ಲಿ ಪೋಷಕರು ಸಹಿ ಹಾಕಬೇಕು, ‘ವಾರ್ಡ್’ ಎಂಬಲ್ಲಿ ಮಗುವಿನ ಹೆಸರು ಬರೆಯಬೇಕು. ಕಾಯುವವರಿಗೂ ಕಾಯಿಸಿಕೊಳ್ಳುವ ಮಗುವಿಗೂ ಬೇರು ಒಂದೇ.